ನೆಲೆಗೆ ಆಧಾರ ಯಾವುದು? ವೂಚ್ ನಗರದ ಯಹೂದಿಗಳ ಕುರಿತು ಒಂದು ಮೀಮಾಂಸೆ

ವಿಷಯ

ಭೂಪಟದಲ್ಲಿ ನಾವು ಲೋಡ್ಜ್ ಎಂದು ಓದುವ, ಪೋಲೆಂಡಿನವರ ಬಾಯಲ್ಲಿ ವೂಚ್ ಎನಿಸುವ ಊರಿಗೆ ಪಟ್ಟಣದ ಸನ್ನದು ಸಿಕ್ಕಿದ್ದು 1423ರಲ್ಲಿ. ಆಮೇಲೆ ಸುಮಾರು ನಾಲ್ಕು ಶತಮಾನ ಅದು ಹಳ್ಳಿಯಾಗಿಯೇ ಉಳಿಯಿತು. 18ನೇ ಶತಮಾನ ಮುಗಿಯುತ್ತ ಬಂದಾಗ ಅಲ್ಲಿ ಇನ್ನೂರು ಜನರೂ ಇರಲಿಲ್ಲ, ಯಹೂದಿಗಳಂತೂ ಬೆರಳೆಣಿಕೆ. 1897ರ ರಷ್ಯನ್ ಜನಗಣತಿಯಲ್ಲಿ ಅದೇ ಊರಿನ ಜನಸಂಖ್ಯೆ ಸುಮಾರು 3,14,000. ಅವರಲ್ಲಿ ಯಹೂದಿಗಳು ಸುಮಾರು 99,000. 1931ರಲ್ಲಿ ಒಟ್ಟು ಲೆಕ್ಕ ಆರು ಲಕ್ಷ ದಾಟಿತ್ತು, ಯಹೂದಿಗಳದ್ದು ಎರಡು ಲಕ್ಷ. ವಾರ್ಸಾ ಬಿಟ್ಟರೆ ಪೋಲೆಂಡಿನಲ್ಲಿ ಇಷ್ಟು ದೊಡ್ಡ ಯಹೂದಿ ಸಮುದಾಯ ಬೇರೆಲ್ಲೂ ಇರಲಿಲ್ಲ. 1945ರ ಜನವರಿ 19ರಂದು ಸೋವಿಯತ್ ಸೇನೆ ಊರೊಳಗೆ ಬಂದಾಗ ಜರ್ಮನರು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದ ಜಾಗದಲ್ಲಿ ಜೀವಂತ ಸಿಕ್ಕವರು ಒಂಬೈನೂರಕ್ಕಿಂತ ಕಡಿಮೆ.

ಇದನ್ನು ಬರೆಯುವವರು ಸಾಮಾನ್ಯವಾಗಿ ಎರಡು ಕಥೆಯಾಗಿ ಒಡೆಯುತ್ತಾರೆ. ಒಂದು ಹತ್ತಿಯ, ಉಗಿಯಂತ್ರದ, ಸಾಹುಕಾರರ ಕಥೆ. ಇನ್ನೊಂದು ಮುಳ್ಳುತಂತಿಯ, ಹಸಿವಿನ, ಸಾವಿನ ರೈಲಿನ ಕಥೆ. ಎರಡನ್ನೂ ಒಟ್ಟಿಗೆ ಓದಿದರೆ ಅವುಗಳ ಅಡಿಯಲ್ಲಿ ಒಂದೇ ಪ್ರಶ್ನೆ ಹರಿಯುವುದು ಕಾಣುತ್ತದೆ: ಒಂದು ಸಮುದಾಯಕ್ಕೆ ಒಂದು ಊರಿನಲ್ಲಿ ನೆಲೆ ಸಿಗುವುದು ಯಾವ ಆಧಾರದ ಮೇಲೆ?

ಇದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ನಮ್ಮ ಹಳೆಯ ಕ್ರಮವನ್ನೇ ಹಿಡಿದಿದ್ದೇನೆ. ಎದುರಾಳಿಯ ಮಾತನ್ನು ಅದರ ಪೂರ್ತಿ ಬಲದೊಂದಿಗೆ ಹೇಳಿದ ಮೇಲೆಯೇ ಉತ್ತರ ಕೊಡಬೇಕೆಂಬ ಶಿಸ್ತು ಈ ಕ್ರಮದಲ್ಲಿದೆ. ಕೋಪ, ದುಃಖ ಎರಡೂ ಬೇಗ ಉಕ್ಕುವ ಇಂಥ ವಿಷಯಕ್ಕೆ ಆ ಶಿಸ್ತು ಬೇಕೇ ಬೇಕು.

ಸಂಶಯ

ಊರಿಗೆ ಉಪಯೋಗ ಆಗುವುದರಿಂದ ಆ ಊರಿನಲ್ಲಿ ಇರುವ ಹಕ್ಕು ಹುಟ್ಟುತ್ತದೆಯೋ, ಇಲ್ಲವೋ? ಹುಟ್ಟುತ್ತದೆ ಎಂದು ಪೂರ್ವಪಕ್ಷ. ಹುಟ್ಟುವುದಿಲ್ಲ ಎಂದು ನನ್ನ ಸಿದ್ಧಾಂತ. ಉಪಯೋಗದಿಂದ ಅನುಮತಿ ಹುಟ್ಟೀತು, ಸಮಯವೂ ಸಿಕ್ಕೀತು. ಹಕ್ಕು ಬೇರೆ ಜಾತಿಯದು, ಅದಕ್ಕೆ ಬೇರೆ ಬೇರು ಬೇಕು.

ಪೂರ್ವಪಕ್ಷವನ್ನು ಹಗುರವಾಗಿ ಕಾಣುವಂತಿಲ್ಲ. ಜಗತ್ತಿನ ಅರ್ಧ ಅಲ್ಪಸಂಖ್ಯಾತರು ತಮ್ಮ ಪರವಾಗಿ ಮುಂದಿಡುವ ವಾದ ಅದೇ. ನಾವು ಕಟ್ಟಿದ್ದೇವೆ, ದುಡಿದಿದ್ದೇವೆ, ತೆರಿಗೆ ಕಟ್ಟಿದ್ದೇವೆ, ಆದ್ದರಿಂದ ನಾವು ಇಲ್ಲಿಯವರು. ಅವರ ಮೇಲೆ ಪ್ರೀತಿ ಇರುವವರೂ ಇದೇ ಮಾತನ್ನು ಎತ್ತಿ ಆಡುತ್ತಾರೆ.

ಎರಡು ಒಪ್ಪಂದಗಳು

ಮೊದಲು ಊರು ಹುಟ್ಟಿದ ಬಗೆ ನೋಡೋಣ. 1815ರ ನಂತರ ಪೋಲೆಂಡಿನ ನಡುಭಾಗ ರಷ್ಯದ ತ್ಸಾರನ ಅಧೀನದಲ್ಲಿ ಒಂದು ರಾಜ್ಯವಾಗಿ ಉಳಿಯಿತು. ಅದರ ಸರ್ಕಾರಕ್ಕೆ ಕೈಗಾರಿಕೆ ಬೇಕಿತ್ತು. ಮಜೋವಿಯಾ ಪ್ರಾಂತದ ಆಡಳಿತ ನಡೆಸುತ್ತಿದ್ದ ರೈಮುಂಡ್ ರೆಂಬೆಲಿನ್ಸ್ಕಿ 1820ರಲ್ಲಿ ಈ ಭಾಗವನ್ನೆಲ್ಲ ಸುತ್ತಿದ. ವೂಚ್‌ನಲ್ಲಿ ಚಕ್ರ ತಿರುಗಿಸಬಲ್ಲ ಸಣ್ಣ ಹೊಳೆಗಳಿದ್ದವು, ಸರ್ಕಾರದ್ದೇ ಜಮೀನಿತ್ತು, ಮರಕ್ಕೆ ಕಾಡಿತ್ತು. ಅದೇ ವರ್ಷ ಊರು ಕಾರ್ಖಾನೆ ಪಟ್ಟಣಗಳ ಪಟ್ಟಿಗೆ ಸೇರಿತು. ಹಳೆಯ ಊರಿನ ದಕ್ಷಿಣಕ್ಕೆ ಎಂಟು ಮೂಲೆಯ ಚೌಕದ ಸುತ್ತ ಹೊಸಪೇಟೆಯನ್ನು ಅಳೆದು ಹಾಕಿದರು. ಅಲ್ಲಿಂದ ಹೊರಟ ಪ್ಯೋತ್ರ್ಕೋವ್ಸ್ಕಾ ಬೀದಿ ಇಂದಿಗೂ ಊರಿನ ಬೆನ್ನುಮೂಳೆ.

ಹೊಸಪೇಟೆಗೆ ಜರ್ಮನ್ ನಾಡುಗಳಿಂದ ನೇಕಾರರನ್ನು ಕರೆಸಿದರು. ಪಕ್ಕದ ಜ್ಗೆಜ್ ಪಟ್ಟಣದಲ್ಲಿ 1821ರಲ್ಲಿ ಆದ ಒಪ್ಪಂದವೇ ಇದಕ್ಕೆಲ್ಲ ಮಾದರಿ. ಬಂದವರಿಗೆ ನಿವೇಶನ, ಕೆಲವು ವರ್ಷ ಕಂದಾಯ ಮಾಫಿ, ಮನೆ ಕಟ್ಟಲು ಸರ್ಕಾರಿ ಕಾಡಿನ ಮರ, ಸೈನ್ಯಸೇವೆಯಿಂದ ವಿನಾಯಿತಿ. ಹೊಸ ಬಡಾವಣೆಯಲ್ಲಿ ಯಹೂದಿಗಳು ನೆಲೆಸಕೂಡದು ಎಂಬ ಷರತ್ತೂ ಅದರಲ್ಲೇ ಇತ್ತು.

ಆಗಲೇ ಊರಿನ ಸುಮಾರು ಮೂರನೇ ಒಂದು ಪಾಲು ಜನ ಯಹೂದಿಗಳು. ಅವರಿಗಾಗಿ 1825ರಲ್ಲಿ ಬೇರೆಯೇ ಆಜ್ಞೆ ಹೊರಟಿತು, 1827ರಿಂದ ಜಾರಿಗೆ ಬಂತು: ಹಳೆಯ ಊರಿನ ಮಾರುಕಟ್ಟೆಯ ಒಂದು ಬದಿ ಮತ್ತು ಅದಕ್ಕೆ ಅಂಟಿದ ಒಂದೆರಡು ಬೀದಿ, ಅಷ್ಟರಲ್ಲೇ ಅವರು ಇರಬೇಕು. ಆಜ್ಞೆಗೆ ವಿನಾಯಿತಿಯೂ ಇತ್ತು. ಕೈಯಲ್ಲಿ ದೊಡ್ಡ ಬಂಡವಾಳ ಇದ್ದು, ಯುರೋಪಿನ ಭಾಷೆ ಕಲಿತು, ಮಕ್ಕಳನ್ನು ಸಾರ್ವಜನಿಕ ಶಾಲೆಗೆ ಕಳಿಸಿ, ತನ್ನ ಸಮುದಾಯದ ಉಡುಪು ಬಿಟ್ಟ ಯಹೂದಿ ಹೊರಗೆ ಮನೆ ಮಾಡಬಹುದಿತ್ತು.

ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಉಪಯೋಗದ ಮಾತನ್ನೇ ಆಡುತ್ತವೆ. ಆದರೆ ಜರ್ಮನ್ ನೇಕಾರನಿಗೆ ಉಪಯೋಗ ಬಾಗಿಲು ಮಾತ್ರ, ಒಮ್ಮೆ ದಾಟಿದರೆ ಮುಗಿಯಿತು. ಲುಡ್ವಿಕ್ ಗೈಯರ್‌ನನ್ನೇ ನೋಡಿ. 1830ರ ದಶಕದಲ್ಲಿ ಬಿಳಿ ಕಾರ್ಖಾನೆ ಕಟ್ಟಿ, 1839ರಲ್ಲಿ ಊರಿನ ಮೊದಲ ಉಗಿಯಂತ್ರ ಓಡಿಸಿದವನು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಅವನ ವ್ಯಾಪಾರ ಮುಳುಗಿತು. ವ್ಯಾಪಾರ ಹೋಯಿತೆಂದು ಊರಿನಲ್ಲಿರುವ ಅವನ ಹಕ್ಕನ್ನು ಯಾರೂ ಕೇಳಲಿಲ್ಲ. ಯಹೂದಿಯ ವಿಷಯದಲ್ಲಿ ಉಪಯೋಗ ಪ್ರತಿದಿನ ಹೊಸದಾಗಿ ಹಾಜರುಪಡಿಸಬೇಕಾದ ಸಾಕ್ಷಿ. ನೂಲು ತಂದುಕೊಟ್ಟವನು, ನೇಕಾರನಿಗೆ ಸಾಲ ಕೊಟ್ಟವನು, ನೇಯ್ದ ಬಟ್ಟೆಯನ್ನು ಸಂತೆಗೆ ಹೊತ್ತವನು ಅವನೇ. ಅಷ್ಟೆಲ್ಲ ಮಾಡಿ ಸಂಜೆ ಗೆರೆಯೊಳಗಿನ ಬೀದಿಗೆ ಮರಳಬೇಕಿತ್ತು.

ಗೆರೆ ಅಳಿಸಿದ್ದು 1862ರಲ್ಲಿ. ಯಾವ ಗಿರಣಿಯ ಲಾಭವೂ ಅದನ್ನು ಅಳಿಸಲಿಲ್ಲ. ಪೋಲೆಂಡ್ ರಾಜ್ಯದ ಯಹೂದಿಗಳಿಗೆಲ್ಲ ಒಟ್ಟಿಗೆ ಅನ್ವಯಿಸಿದ ಒಂದು ಸುಧಾರಣಾ ಕಾನೂನು ಅಳಿಸಿತು. ಹಾಕಿದ ಗೆರೆ ತಾನಾಗಿ ಮಾಸಲಿಲ್ಲ, ಹಾಕಿದ ಕೈಯೇ ಒರೆಸಬೇಕಾಯಿತು.

ಮೊದಲ ಆಕ್ಷೇಪ: ಪೊಜ್ನಾನ್ಸ್ಕಿ ಇದ್ದನಲ್ಲ

ಪೂರ್ವಪಕ್ಷಿ ಇಲ್ಲಿ ತಡೆಯುತ್ತಾನೆ. ಇಜ್ರಾಯೆಲ್ ಪೊಜ್ನಾನ್ಸ್ಕಿ ಬಟ್ಟೆ ವ್ಯಾಪಾರಿಯ ಮಗ. 1870ರ ದಶಕದಲ್ಲಿ ಒಗ್ರೊದೋವಾ ಬೀದಿಯಲ್ಲಿ ಅವನು ಎಬ್ಬಿಸಿದ ಕೆಂಪಿಟ್ಟಿಗೆಯ ಗಿರಣಿಯಲ್ಲಿ ಮುಂದೆ ಆರು ಸಾವಿರಕ್ಕೂ ಹೆಚ್ಚು ಜನ ದುಡಿದರು. ಗಿರಣಿಯ ಪಕ್ಕದಲ್ಲೇ ಅರಮನೆ. ಆಸ್ಪತ್ರೆ ಕಟ್ಟಿಸಿದ, 1892ರಲ್ಲಿ ತೆರೆದ ವಿಶಾಲ ಸ್ಮಶಾನಕ್ಕೆ ನೆಲ ಕೊಟ್ಟ. 1880ರ ದಶಕದಲ್ಲಿ ಎದ್ದ ಮಹಾ ಸಿನಗಾಗ್‌ಗೆ ಅವನೊಂದಿಗೆ ಕ್ರೈಸ್ತನಾದ ಕಾರ್ಲ್ ಶೈಬ್ಲರ್ ಕೂಡ ಹಣ ಕೊಟ್ಟ. ಶೈಬ್ಲರ್ ಆ ಕಾಲದ ವೂಚ್‌ನ ದೊಡ್ಡ ಹತ್ತಿ ದೊರೆ. ಉಪಯೋಗದಿಂದ ಗೌರವ, ಗೌರವದಿಂದ ನೆಲೆ ಹುಟ್ಟಿತು ಎನ್ನಲು ಇನ್ನೇನು ಬೇಕು?

ಉತ್ತರವನ್ನು ಗಿರಣಿಯ ಒಳಗಿನಿಂದಲೇ ಶುರುಮಾಡಬೇಕು. ಪೊಜ್ನಾನ್ಸ್ಕಿಯ ಯಂತ್ರಮಗ್ಗಗಳ ಮುಂದೆ ಯಹೂದಿ ನೇಕಾರರು ಇರಲಿಲ್ಲ ಎನ್ನುವಷ್ಟು ಕಡಿಮೆ. ಶನಿವಾರ ಅವರ ಸಬ್ಬತ್, ಕೆಲಸ ಮುಟ್ಟುವಂತಿಲ್ಲ. ಗಿರಣಿ ಶನಿವಾರ ಓಡುತ್ತದೆ, ಭಾನುವಾರ ನಿಲ್ಲುತ್ತದೆ. ಮೇಸ್ತ್ರಿಗಳಿಗೂ ಉಳಿದ ಕೆಲಸಗಾರರಿಗೂ ಅವರು ಬೇಕಿರಲಿಲ್ಲ. ಹೀಗಾಗಿ ಊರಿನ ಅತಿ ಶ್ರೀಮಂತ ಯಹೂದಿಯ ಗಿರಣಿ ಊರಿನ ಬಡ ಯಹೂದಿಗೆ ಮುಚ್ಚಿದ ಬಾಗಿಲು. ಅವನು ಉತ್ತರದ ಬಾವೂತಿಗೆ ಹೋದ. ಆಡಳಿತದ ಲೆಕ್ಕದಲ್ಲಿ ಬಾವೂತಿ 1915ರವರೆಗೂ ಹಳ್ಳಿ. ಒಳಚರಂಡಿ ಇಲ್ಲ, ಕಟ್ಟಡಕ್ಕೆ ನಿಯಮವಿಲ್ಲ, ಜನ ಮಾತ್ರ ಲಕ್ಷದ ಹತ್ತಿರ. ಮಲಗುವ ಕೋಣೆಯಲ್ಲೇ ಕೈಮಗ್ಗ, ಮಗ್ಗದ ಕೆಳಗೆ ಮಕ್ಕಳು. ವಾರದ ಕೂಲಿ ಕೊಡುವವನು ಗುತ್ತಿಗೆ ಹಿಡಿದ ದಲ್ಲಾಳಿ. ಐಸಾಕ್ ಜೋಶುವಾ ಸಿಂಗರ್ ಯಿದ್ದಿಷ್ ಭಾಷೆಯಲ್ಲಿ ಬರೆದು 1936ರಲ್ಲಿ ಬಂದ 'ಅಶ್ಕೆನಾಜಿ ಸಹೋದರರು' ಕಾದಂಬರಿ ಅರಮನೆ, ಕೈಮಗ್ಗ ಎರಡನ್ನೂ ಒಂದೇ ಸಮುದಾಯದೊಳಗೆ ಇಟ್ಟು ನೋಡಿತು. ಇದೇ ಊರಿನ ಮೇಲೆ ಪೋಲಿಷ್ ಲೇಖಕ ರೈಮಾಂಟ್ ಬರೆದ 'ವಾಗ್ದತ್ತ ಭೂಮಿ' ಕಾದಂಬರಿಗಿಂತ ಈ ವಿಷಯದಲ್ಲಿ ಸಿಂಗರ್‌ನ ಕಣ್ಣು ನ್ಯಾಯವಾದದ್ದು ಎಂಬುದು ನನ್ನ ಎಣಿಕೆ. ರೈಮಾಂಟ್‌ಗೆ ಊರಿನ ಹಸಿವು ಕಂಡಿತು, ಯಹೂದಿಯ ಹಸಿವು ಅಷ್ಟಾಗಿ ಕಾಣಲಿಲ್ಲ.

ಹಾಗಾದರೆ ಪೊಜ್ನಾನ್ಸ್ಕಿಗೆ ಸಿಕ್ಕಿದ್ದೇನು? 1825ರ ಆಜ್ಞೆಯಲ್ಲಿದ್ದ ವಿನಾಯಿತಿಯೇ ದೊಡ್ಡದಾಗಿ ಬೆಳೆದು ಸಿಕ್ಕಿತು. ವಿನಾಯಿತಿ ಪಡೆದವನ ಹೆಸರು ಹಿಡಿದು, ಸಮುದಾಯಕ್ಕೇ ನೆಲೆ ಸಿಕ್ಕಿತೆಂದು ಸಾಧಿಸಲಾಗದು.

ಎರಡನೆಯ ಆಕ್ಷೇಪ: ಬಡವರೆಲ್ಲರದೂ ಒಂದೇ ಪಾಡು

ಇನ್ನೊಬ್ಬ ಪೂರ್ವಪಕ್ಷಿ ಹೇಳುತ್ತಾನೆ: ಇದು ಬಂಡವಾಳದ ಊರು, ಯಹೂದಿ ಎಂಬುದು ನೆಪ. ಪೋಲಿಷ್ ಕೂಲಿಯವನೂ ದುಡಿಯುವ ತನಕ ಬೇಕು, ಆಮೇಲೆ ಬೇಡ.

ಇದರಲ್ಲಿ ನಿಜದ ಪಾಲು ದೊಡ್ಡದು. ಹಳ್ಳಿಯಿಂದ ಬಂದ ಪೋಲಿಷ್ ಹೆಂಗಸು ನೂಲುವ ಸಾಲಿನಲ್ಲಿ ದೂಳು ನುಂಗಿ ಸತ್ತದ್ದನ್ನು ಯಾವ ಸಿದ್ಧಾಂತಕ್ಕಾಗಿಯೂ ಕಡಿಮೆ ಮಾಡಿ ಹೇಳಬಾರದು. ಆದರೂ ಪಾಡು ಒಂದೇ ಆಗಿರಲಿಲ್ಲ ಎಂಬುದಕ್ಕೆ 1892ರ ಮೇ ತಿಂಗಳು ಸಾಕ್ಷಿ. ಇಡೀ ಊರು ಮುಷ್ಕರ ಹೂಡಿತು, ಬೇಡಿಕೆ ಕೂಲಿಯದು, ಗಂಟೆಗಳದು. ಕೆಲವೇ ದಿನಗಳಲ್ಲಿ ಅದೇ ಗುಂಪಿನ ಒಂದು ಭಾಗ ಯಹೂದಿಗಳ ಮನೆ, ಅಂಗಡಿಗಳ ಮೇಲೆ ತಿರುಗಿತು, ತ್ಸಾರನ ಸೈನಿಕರು ಗುಂಡು ಹಾರಿಸಿ ಎಲ್ಲವನ್ನೂ ಮುಗಿಸಿದರು. ಯಹೂದಿ ಬಡವನು ಕೂಲಿಯಾಗಿ ಒಮ್ಮೆ ಸೋಲುತ್ತಿದ್ದ, ಯಹೂದಿಯಾಗಿ ಮತ್ತೊಮ್ಮೆ.

1905ರ ಜೂನ್‌ನಲ್ಲಿ ನಡೆದದ್ದು ಬೇರೆ. ಮೆರವಣಿಗೆಯ ಮೇಲೆ ಗುಂಡು ಬಿದ್ದ ಮೇಲೆ ಊರಿನ ಬೀದಿಗಳಲ್ಲಿ ಅಡ್ಡಗಟ್ಟೆಗಳೆದ್ದವು. ಯಹೂದಿ ಕಾರ್ಮಿಕರ ಬುಂದ್ ಪಕ್ಷದವರು, ಪೋಲಿಷ್ ಸಮಾಜವಾದಿಗಳು ಒಂದೇ ಗೋಡೆಯ ಹಿಂದೆ ನಿಂತರು. ಸತ್ತವರಲ್ಲಿ ಪೋಲಿಷರಿದ್ದರು, ಜರ್ಮನರಿದ್ದರು, ಸುಮಾರು ಅರ್ಧದಷ್ಟು ಯಹೂದಿಗಳಿದ್ದರು. ಆ ಎರಡು ಮೂರು ದಿನ ಯಾರೂ ಯಾರಿಗೂ ತಮ್ಮ ಉಪಯೋಗವನ್ನು ರುಜುವಾತು ಮಾಡಬೇಕಾಗಿರಲಿಲ್ಲ. ವೂಚ್‌ನ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಭರವಸೆ ಹುಟ್ಟಿಸುವ ಪುಟ ಇದು. ಒಟ್ಟಿಗೆ ಹಕ್ಕು ಕೇಳಿದವರು ಒಂದೇ ಊರಿನವರಾದರು.

ಸ್ವತಂತ್ರ ಪೋಲೆಂಡ್ ಬಂದ ಮೇಲೆ ಕಾಗದದಲ್ಲಿ ಎಲ್ಲರೂ ನಾಗರಿಕರು. ಆದರೆ 1919ರ ಕಾನೂನು ಭಾನುವಾರದ ರಜೆಯನ್ನು ಕಡ್ಡಾಯ ಮಾಡಿತು. ಶನಿವಾರ ತನ್ನ ಧರ್ಮಕ್ಕಾಗಿ, ಭಾನುವಾರ ಸರ್ಕಾರಕ್ಕಾಗಿ ಮಗ್ಗ ನಿಲ್ಲಿಸಿದವನಿಗೆ ಉಳಿದದ್ದು ಐದು ದಿನ. ರಷ್ಯದ ಮಾರುಕಟ್ಟೆಯೂ ಆಗಲೇ ಕೈತಪ್ಪಿತ್ತು.

ಮೂರನೆಯ ಆಕ್ಷೇಪ: ದುಡಿಮೆಯೇ ಘೆಟ್ಟೊವನ್ನು ಉಳಿಸಿತು

ಪೂರ್ವಪಕ್ಷದ ನಿಜವಾದ ಬಲ ಇರುವುದು ಇಲ್ಲಿ. ಅವಸರ ಮಾಡದೆ ಕೇಳಬೇಕು.

1939ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ಊರನ್ನು ಹಿಡಿಯಿತು. ನವೆಂಬರ್‌ನಲ್ಲಿ ಊರನ್ನು ನೇರವಾಗಿ ಜರ್ಮನ್ ರೈಖ್‌ಗೆ ಸೇರಿಸಿದರು, ಅದೇ ತಿಂಗಳು ಮಹಾ ಸಿನಗಾಗ್ ಸುಟ್ಟುಹೋಯಿತು. ಮುಂದಿನ ವಸಂತದಲ್ಲಿ ಊರಿನ ಹೆಸರನ್ನೂ ತೆಗೆದು ಲಿಟ್ಸ್‌ಮನ್‌ಷ್ಟಾಟ್ ಎಂದಿಟ್ಟರು. 1940ರ ಫೆಬ್ರವರಿಯಲ್ಲಿ ಘೆಟ್ಟೊದ ಆಜ್ಞೆ, ಏಪ್ರಿಲ್ 30ಕ್ಕೆ ಬಾಗಿಲು ಬಂದ್. ಹಳೆಯ ಊರು, ಬಾವೂತಿ, ಮರಿಷಿನ್ ಸೇರಿ ಸುಮಾರು ನಾಲ್ಕು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಜನ. ಜ್ಗೆರ್ಸ್ಕಾ ಬೀದಿ ಘೆಟ್ಟೊದ ನಡುವೆಯೇ ಹಾದುಹೋಗುತ್ತಿತ್ತು, ಆದರೆ ಬೀದಿ ಘೆಟ್ಟೊದ್ದಲ್ಲ. ಎರಡೂ ಬದಿ ಬೇಲಿ, ಮಧ್ಯೆ ಜರ್ಮನರ ಟ್ರಾಮು. ಈಚೆಯಿಂದ ಆಚೆ ಹೋಗಲು ಚರ್ಚಿನ ಎದುರು ಎತ್ತರದ ಮರದ ಮೇಲ್ಸೇತುವೆ. ಹಸಿದವರು ದಿನಕ್ಕೆ ಹಲವು ಬಾರಿ ಅದರ ಮೆಟ್ಟಿಲು ಹತ್ತಿಳಿಯಬೇಕಿತ್ತು. ಆಗಿನ ಚಿತ್ರಗಳಲ್ಲಿ ಸೇತುವೆಯ ತುಂಬ ಜನ, ಕೆಳಗೆ ಬೀದಿ ಖಾಲಿ.

ಘೆಟ್ಟೊದ ಯಹೂದಿ ಆಡಳಿತದ ಹಿರಿಯನೆಂದು ಜರ್ಮನರು ನೇಮಿಸಿದ್ದು ಹಾಯಿಮ್ ರುಮ್ಕೋವ್ಸ್ಕಿಯನ್ನು. ಯುದ್ಧಕ್ಕೆ ಮೊದಲು ಅವನು ವಿಮಾ ಏಜೆಂಟ್, ಅನಾಥಾಲಯದ ಮುಖ್ಯಸ್ಥ. ಜರ್ಮನ್ ಕಡೆಯಿಂದ ಘೆಟ್ಟೊವನ್ನು ನಡೆಸಿದವನು ಹಾನ್ಸ್ ಬೀಬೋವ್, ಬ್ರೆಮೆನ್‌ನ ಕಾಫಿ ವ್ಯಾಪಾರಿ. ಕೆಲಸವೇ ನಮ್ಮ ಬಚಾವು ಎಂದು ರುಮ್ಕೋವ್ಸ್ಕಿ ನಂಬಿದ, ನಂಬಿಸಿದ. ರೆಸೋರ್ಟ್ ಎಂದು ಜನ ಕರೆಯುತ್ತಿದ್ದ ಕಾರ್ಯಾಗಾರಗಳು ನೂರರ ಹತ್ತಿರ ಬಂದವು. ಸೈನಿಕರ ಸಮವಸ್ತ್ರ, ಪೂರ್ವರಂಗದ ಚಳಿಗೆ ಹುಲ್ಲಿನ ಬೂಟು, ಜರ್ಮನ್ ಅಂಗಡಿಗಳಿಗೆ ಹೆಂಗಸರ ಉಡುಪು. ವಾರ್ಸಾದ ಘೆಟ್ಟೊ 1943ರಲ್ಲೇ ನೆಲಸಮವಾದರೆ, ವೂಚ್‌ನ ಘೆಟ್ಟೊ 1944ರ ಆಗಸ್ಟ್‌ವರೆಗೆ ಇತ್ತು. ಪೋಲೆಂಡಿನಲ್ಲಿ ಅಷ್ಟು ಕಾಲ ಉಳಿದ ದೊಡ್ಡ ಘೆಟ್ಟೊ ಇನ್ನೊಂದಿಲ್ಲ. ಸೋವಿಯತ್ ಸೇನೆ ಆ ಬೇಸಿಗೆಯಲ್ಲೇ ವಿಸ್ತುಲಾ ನದಿಗೆ ಬಂದಿತ್ತು. ನಿಲ್ಲದೆ ಮುಂದುವರಿದಿದ್ದರೆ ಅರವತ್ತು ಎಪ್ಪತ್ತು ಸಾವಿರ ಜನ ಬದುಕುತ್ತಿದ್ದರು. ಆಗ ಲೋಕ ರುಮ್ಕೋವ್ಸ್ಕಿಯನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಇದು ಪೂರ್ವಪಕ್ಷ.

ಉತ್ತರವನ್ನು ಕಾಲಕ್ರಮದಿಂದ ತೆಗೆಯಬೇಕು. ಘೆಟ್ಟೊ ಏಕೆ ಎಂಬುದನ್ನು ಪ್ರಾಂತದ ಜರ್ಮನ್ ಅಧಿಕಾರಿ ಊಬೆಲ್‌ಹೋರ್ 1939ರ ಡಿಸೆಂಬರ್‌ನ ಗುಪ್ತ ಸುತ್ತೋಲೆಯಲ್ಲೇ ಬರೆದಿದ್ದ. ಅದು ತಾತ್ಕಾಲಿಕ ಏರ್ಪಾಡು, ಕೊನೆಯ ಗುರಿ ಊರಿನಲ್ಲಿ ಯಹೂದಿಯೇ ಇಲ್ಲದಂತೆ ಮಾಡುವುದು. ರೆಸೋರ್ಟ್‌ಗಳು ತೆರೆಯುವ ಮೊದಲೇ ತೀರ್ಪು ಬರೆದಾಗಿತ್ತು. ಹಸಿವಿನಿಂದ ಸಾಯಲಿ ಎಂದವರು, ದುಡಿಸಿಕೊಂಡು ಲಾಭ ಮಾಡೋಣ ಎಂದವರು ಜರ್ಮನ್ ಆಡಳಿತದ ಒಳಗೇ ಇದ್ದರು, ಅವರಲ್ಲಿ ಜಗಳವೂ ಆಯಿತು. ದುಡಿಸೋಣ ಎಂದವರು ಗೆದ್ದದ್ದರಿಂದ ಘೆಟ್ಟೊಗೆ ದಿನಗಳು ಸಿಕ್ಕವು. ಆದರೆ ಗೆದ್ದವರೂ ಬದುಕುವ ಹಕ್ಕಿನ ಮಾತು ಆಡಿದವರಲ್ಲ, ತಯಾರಾದ ಮಾಲಿಗೆ ಎಷ್ಟು ಹಿಟ್ಟು ಎಂದಷ್ಟೇ ಲೆಕ್ಕ ಹಾಕಿದವರು.

ಸಿಕ್ಕ ದಿನಗಳಿಗೆ ಬೆಲೆ ತೆತ್ತವರು ಯಾರು? 1942ರ ಜನವರಿಯಿಂದ ಮೇವರೆಗೆ ಸುಮಾರು ಐವತ್ತೈದು ಸಾವಿರ ಜನರನ್ನು ಹೆವ್ಮ್ನೊ ಕೊಲೆಶಿಬಿರಕ್ಕೆ ಒಯ್ದು ವಿಷಾನಿಲದ ಲಾರಿಗಳಲ್ಲಿ ಕೊಂದರು. ಅದಕ್ಕೆ ತುಸು ಮೊದಲು ಆಸ್ಟ್ರಿಯಾದಿಂದ ಐದು ಸಾವಿರ ರೋಮಾ ಜನರನ್ನು ತಂದು ಘೆಟ್ಟೊದ ಒಂದು ಮೂಲೆಯಲ್ಲಿ ಕೂಡಿಹಾಕಿದ್ದರು, ಟೈಫಸ್‌ನಿಂದ ಸಾಯದೆ ಉಳಿದವರಿಗೂ ಹೆವ್ಮ್ನೊದಲ್ಲೇ ಅಂತ್ಯವಾಯಿತು. ಘೆಟ್ಟೊದಿಂದ ಮೊದಲು ಆರಿಸಿದ್ದು ಕೆಲಸವಿಲ್ಲದವರನ್ನು, ಪರಿಹಾರಧನದ ಮೇಲೆ ಬದುಕುತ್ತಿದ್ದವರನ್ನು, ಸಣ್ಣಪುಟ್ಟ ಶಿಕ್ಷೆಯಾದವರನ್ನು. ಅವರು ಬಿಟ್ಟುಹೋದ ಬಟ್ಟೆಯ ಗಂಟುಗಳು ವಿಂಗಡಣೆಗೆ ಘೆಟ್ಟೊದ ಗೋದಾಮಿಗೇ ಮರಳಿ ಬಂದವು.

ಆಮೇಲೆ ಬಂದದ್ದು ಸೆಪ್ಟೆಂಬರ್. ಜನ ಅದನ್ನು ಶ್ಪೆರಾ ಎಂದರು, ಮನೆಬಿಟ್ಟು ಹೊರಬರಕೂಡದೆಂಬ ನಿರ್ಬಂಧ. ಹತ್ತು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದವರು, ರೋಗಿಗಳು, ಇವರನ್ನು ಒಪ್ಪಿಸಬೇಕೆಂದು ಜರ್ಮನರು ಕೇಳಿದರು. ಸೆಪ್ಟೆಂಬರ್ 4ರಂದು ಅಗ್ನಿಶಾಮಕ ದಳದ ಅಂಗಳದಲ್ಲಿ ರುಮ್ಕೋವ್ಸ್ಕಿ ತಂದೆತಾಯಿಗಳ ಮುಂದೆ ನಿಂತು, ಉಳಿದವರು ಬದುಕಬೇಕಾದರೆ ಮಕ್ಕಳನ್ನು ಕೊಡಿ ಎಂದು ಬೇಡಿದ. ಒಂದು ವಾರದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಹೋದರು. ಹತ್ತು ಎಂಬ ಸಂಖ್ಯೆಯ ಮುಂದೆ ನಾವು ನಿಲ್ಲಬೇಕು. ಅದಕ್ಕೆ ಮೇಲಿನ ಮಕ್ಕಳು ರೆಸೋರ್ಟ್‌ನಲ್ಲಿ ಸೂಜಿ ಹಿಡಿಯುತ್ತಿದ್ದರು, ಕೆಳಗಿನವರ ಕೈ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ಜನರನ್ನು ಮನೆಯಿಂದ ಎಬ್ಬಿಸಲು ನೆರವಾದ ಘೆಟ್ಟೊ ಪೊಲೀಸರ ಮಕ್ಕಳಿಗೆ ವಿನಾಯಿತಿ ಇತ್ತು. 1825ರಲ್ಲಿ ವಿನಾಯಿತಿಯ ಆಚೆ ಉಳಿದವನಿಗೆ ಇಕ್ಕಟ್ಟಾದ ಬೀದಿ ಇತ್ತು, 1942ರಲ್ಲಿ ಹೆವ್ಮ್ನೊ.

ದಾವಿದ್ ಷೆರಾಕೋವಿಯಾಕ್ ಎಂಬ ಹುಡುಗನ ದಿನಚರಿ ಉಳಿದಿದೆ. ಹುಟ್ಟಿದ್ದು 1924ರಲ್ಲಿ, ಓದಿನಲ್ಲಿ ಜಾಣ. ಘೆಟ್ಟೊದಲ್ಲಿ ತೊಗಲಿನ ಕೆಲಸಕ್ಕೆ ಸೇರಿದ. ಶ್ಪೆರಾದ ದಿನಗಳಲ್ಲಿ ವೈದ್ಯರ ತಂಡ ಮನೆಗೆ ಬಂದು ಅವನ ತಾಯಿಯನ್ನು ಪರೀಕ್ಷಿಸಿತು. ಆಕೆಗೆ ಯಾವ ದೊಡ್ಡ ರೋಗವೂ ಇರಲಿಲ್ಲ, ಉಣ್ಣದೆ ಬಡವಾಗಿದ್ದಳು. ದುರ್ಬಲಳೆಂದು ಬರೆದರು, ಕರೆದೊಯ್ದರು. ಮಗ ದುಡಿಯುತ್ತಿದ್ದ, ಆ ದುಡಿಮೆ ತಾಯಿಯನ್ನು ಉಳಿಸಲಿಲ್ಲ. ಮುಂದಿನ ವರ್ಷ ಆಗಸ್ಟ್‌ನಲ್ಲಿ ಅವನೂ ಸತ್ತ, ಹತ್ತೊಂಬತ್ತು ವಯಸ್ಸು.

1944ರ ಆಗಸ್ಟ್‌ನಲ್ಲಿ ಬೀಬೋವ್ ತಾನೇ ಕೆಲಸಗಾರರ ಮುಂದೆ ನಿಂತು ಭಾಷಣ ಮಾಡಿದ: ಜರ್ಮನಿಯಲ್ಲಿ ಕೆಲಸಕ್ಕೆ ನೀವು ಬೇಕು, ಪಾತ್ರೆಪಗಡ ಕಟ್ಟಿಕೊಂಡು ಸಂಸಾರ ಸಮೇತ ಹೊರಡಿ. ಕೊನೆಯ ಸುಳ್ಳಿಗೂ ಕೆಲಸದ ಮಾತೇ ಆಸರೆಯಾಯಿತು. ಆ ತಿಂಗಳಲ್ಲಿ ಸುಮಾರು 67,000 ಜನರನ್ನು ರಾದೆಗಾಸ್ಟ್ ನಿಲ್ದಾಣದಿಂದ ಔಶ್ವಿಟ್ಜ್‌ಗೆ ಒಯ್ದರು. ಕೊನೆಯ ದಿನಗಳ ಒಂದು ರೈಲಿನಲ್ಲಿ ರುಮ್ಕೋವ್ಸ್ಕಿಯೂ ಅವನ ಮನೆಯವರೂ ಇದ್ದರು.

ಪೂರ್ವಪಕ್ಷದಿಂದ ಒಂದನ್ನು ನಾನು ಒಪ್ಪಿ ಇಟ್ಟುಕೊಳ್ಳುತ್ತೇನೆ. ದುಡಿಮೆ ಸಮಯ ತಂದಿತು, ಆ ಸಮಯದಿಂದಾಗಿ ಕೆಲವು ಸಾವಿರ ಜನ ಯುದ್ಧದ ಕೊನೆ ಕಂಡರು. ಅವರ ಒಂದೊಂದು ಜೀವವೂ ಲೆಕ್ಕಕ್ಕೆ ಬರುತ್ತದೆ. ರೆಸೋರ್ಟ್‌ನಲ್ಲಿ ಹೊಲಿದವರ ಮೇಲೆ ಯಾವ ತಪ್ಪನ್ನೂ ಹೊರಿಸುವ ಅಧಿಕಾರ ನಮಗಿಲ್ಲ. ಸೋವಿಯತ್ ಸೇನೆ ನಿಲ್ಲದಿದ್ದರೆ ಎಂಬ ಮಾತಿಗೆ ಮಾತ್ರ ಹೀಗೆ ಉತ್ತರ: ಆಗ ಅವರನ್ನು ಉಳಿಸುತ್ತಿದ್ದದ್ದು ಸೇನೆ. ಸಮವಸ್ತ್ರ ಹೊಲಿಸಿಕೊಂಡವರು ಯಾವ ಹೊಲಿಗೆಯ ಎಣಿಕೆಯಲ್ಲೂ ಅವರನ್ನು ಬಿಡುವವರಾಗಿರಲಿಲ್ಲ.

ನಾಲ್ಕನೆಯ ಆಕ್ಷೇಪ: ಊರಿನ ಮೇಲೆ ನಾಜಿಗಳ ಪಾಪ ಹೊರಿಸುತ್ತಿದ್ದೀರಿ

ಇಲ್ಲ. 1825ರ ಗೆರೆಯಿಂದ 1940ರ ಬೇಲಿ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಗೆರೆ ಹಾಕಿದವರು ಬೇರೆ, ಬೇಲಿ ಹಾಕಿದವರು ಬೇರೆ, ಕೊಲ್ಲುವ ಸಂಕಲ್ಪ ಪೂರ್ತಿ ನಾಜಿಗಳದು. ಅವರು ಊರಿನ ಪೋಲಿಷ್ ಶಿಕ್ಷಕರನ್ನು, ಪಾದ್ರಿಗಳನ್ನು ಕೊಂದರು, ಸಾವಿರಾರು ಪೋಲಿಷ್ ಸಂಸಾರಗಳನ್ನು ಮನೆಯಿಂದ ಹೊರಗಟ್ಟಿದರು. ಘೆಟ್ಟೊಗೆ ಬಾವೂತಿ ಆಯ್ಕೆಯಾದದ್ದು ಅಲ್ಲಿ ಬಡತನ, ಯಹೂದಿಗಳು, ಚರಂಡಿಯಿಲ್ಲದ ಮನೆಗಳು ಒಟ್ಟಿಗೆ ಇದ್ದುದರಿಂದ. ಮೂರೂ ಹಾಗೆ ಒಟ್ಟಾದದ್ದರಲ್ಲಿ ಹಳೆಯ ಆಜ್ಞೆಯ ಪಾಲಿದೆ, ಅಷ್ಟು ಮಾತ್ರ. ಎರಡು ಕಾಲಕ್ಕೂ ಸಮಾನವಾದದ್ದು ಮನುಷ್ಯನನ್ನು ಅಳೆಯುವ ಕೋಲು. ಅದನ್ನು ಹಿಡಿದ ಕೈ ದಯೆಯದೋ ಕ್ರೌರ್ಯದ್ದೋ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ. ಕೈ ಬದಲಾದಾಗ ಕೋಲು ಯಾರನ್ನೂ ಕಾಯಲಿಲ್ಲ.

ಐದನೆಯ ಆಕ್ಷೇಪ: ಊರು ಈಗ ನೆನೆಯುತ್ತಿದೆಯಲ್ಲ

ಯುದ್ಧದ ನಂತರ ವಾರ್ಸಾ ಬೂದಿಯಾಗಿತ್ತು, ವೂಚ್ ನಿಂತಿತ್ತು. ಬದುಕಿ ಬಂದ ಹತ್ತಾರು ಸಾವಿರ ಯಹೂದಿಗಳು ಇಲ್ಲಿಗೇ ಬಂದರು. 1946ರ ಜುಲೈನಲ್ಲಿ ಕೀಲ್ಸೆ ಪಟ್ಟಣದ ಹತ್ಯೆಗಳ ನಂತರ ಬಹಳ ಮಂದಿ ದೇಶ ಬಿಟ್ಟರು, ಉಳಿದವರಲ್ಲಿ ಅನೇಕರನ್ನು 1968ರ ಸರ್ಕಾರಿ ಯಹೂದಿ-ವಿರೋಧಿ ಪ್ರಚಾರ ಹೊರದಬ್ಬಿತು. ವೂಚ್‌ನ ಚಲನಚಿತ್ರ ಶಾಲೆ ಆಗ ಜಗತ್ತಿಗೆ ಗೊತ್ತಾಗಿತ್ತು, ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಯೆಜಿ ಟೋಪ್ಲಿಟ್ಜ್ ಆ ವರ್ಷವೇ ಮುಖ್ಯಸ್ಥನ ಸ್ಥಾನ ಕಳೆದುಕೊಂಡ. ಉಪಯೋಗ ಅಲ್ಲೂ ಹಕ್ಕಾಗಲಿಲ್ಲ. ವಾರ್ಸಾ ಘೆಟ್ಟೊ ದಂಗೆಯ ನಾಯಕರಲ್ಲಿ ಒಬ್ಬನಾದ ಮಾರೆಕ್ ಎಡೆಲ್ಮನ್ ಮಾತ್ರ ಇದೇ ಊರಿನಲ್ಲಿ ಹೃದ್ರೋಗ ವೈದ್ಯನಾಗಿ ಉಳಿದ.

ಈಗ ಪೊಜ್ನಾನ್ಸ್ಕಿಯ ಗಿರಣಿ 2006ರಿಂದ ಮನುಫಕ್ತುರಾ ಎಂಬ ದೊಡ್ಡ ಮಾರುಕಟ್ಟೆ, ಅವನ ಅರಮನೆ ನಗರದ ಮ್ಯೂಸಿಯಂ. ಪ್ಯೋತ್ರ್ಕೋವ್ಸ್ಕಾ ಬೀದಿಯಲ್ಲಿ ಕವಿ ತುವಿಮ್‌ನ ಬೆಂಚು, ರೂಬಿನ್‌ಸ್ಟೈನ್‌ನ ಪಿಯಾನೊ, ಒಂದೇ ಮೇಜಿಗೆ ಕುಳಿತ ಮೂವರು ಗಿರಣಿ ಮಾಲೀಕರು, ಎಲ್ಲವೂ ಕಂಚಿನವು. ನಾಲ್ಕು ಸಂಸ್ಕೃತಿಗಳ ಊರು ಎಂದು ನಗರ ಹೇಳಿಕೊಳ್ಳುತ್ತದೆ. ಮೊದಲಿನ ಮೌನಕ್ಕಿಂತ ಇದು ಎಷ್ಟೋ ಒಳ್ಳೆಯದು, ನನಗೆ ಇದರಲ್ಲಿ ಸಂತೋಷವೇ. ಆದರೆ ಕಂಚಿನಲ್ಲಿ ಕುಳಿತವರೆಲ್ಲ ಏನಾದರೂ ಕೊಟ್ಟವರು. ಅವರು ಊರಿಗೆ ಕೀರ್ತಿ ತಂದರು, ಆದ್ದರಿಂದ ಅವರು ನಮ್ಮವರು ಎಂದರೆ ಹಳೆಯ ವಿನಾಯಿತಿಯೇ ಮತ್ತೊಮ್ಮೆ ಬರೆದಂತಾಯಿತು. ಅದೇ ಊರಿನ ಎರಡು ಫುಟ್‌ಬಾಲ್ ತಂಡಗಳ ಅಭಿಮಾನಿಗಳು ಗೋಡೆಗಳ ಮೇಲೆ ಒಬ್ಬರನ್ನೊಬ್ಬರು ಬೈಯಲು ಯಹೂದಿ ಎಂಬ ಪದವನ್ನೇ ಬರೆಯುತ್ತಾರೆ. ತುವಿಮ್‌ನ ಬೆಂಚು ಆ ಗೋಡೆಗೆ ಉತ್ತರವಾಗಲಾರದು. ಪೊಜ್ನಾನ್ಸ್ಕಿ ನೆಲ ಕೊಟ್ಟ ಸ್ಮಶಾನದಲ್ಲಿ ಅವನ ಭವ್ಯ ಸಮಾಧಿಯಿದೆ, ಗುಮ್ಮಟದ ಒಳಗೆ ಗಾಜಿನ ಚೂರುಗಳ ಚಿತ್ತಾರ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಘೆಟ್ಟೊದ ಹೊಲ ಎಂದು ಕರೆಯುವ ಬಯಲು. ಹಸಿವು, ರೋಗಗಳಿಂದ ಸತ್ತ ಸುಮಾರು 43,000 ಜನರನ್ನು ಅಲ್ಲಿ ಮಣ್ಣು ಮಾಡಿದರು. ಊರಿಗೆ ಅವರು ಯಾವ ಕೀರ್ತಿಯನ್ನೂ ತಂದವರಲ್ಲ.

ಆರನೆಯ ಆಕ್ಷೇಪ: ಕಾನೂನಾದರೂ ಉಳಿಸಿತೇ?

ಇದು ನನ್ನ ಸಿದ್ಧಾಂತದ ಬುಡಕ್ಕೇ ಬರುವ ಪ್ರಶ್ನೆ. 1862ರ ಕಾನೂನು, 1921ರ ಪೋಲಿಷ್ ಸಂವಿಧಾನ, ಯಾವುದೂ ಟ್ಯಾಂಕುಗಳನ್ನು ತಡೆಯಲಿಲ್ಲ. 1968ರಲ್ಲಿ ದೇಶ ಬಿಟ್ಟವರ ಕೈಗೆ ಕೊಟ್ಟ ಪ್ರಯಾಣಪತ್ರ, ಇದನ್ನು ಹಿಡಿದವರು ಪೋಲೆಂಡಿನ ನಾಗರಿಕರಲ್ಲ ಎಂದು ಸಾರುತ್ತಿತ್ತು. ಹಕ್ಕು ಕೂಡ ಕಾಯದಿದ್ದರೆ ಉಪಯೋಗವನ್ನು ಮಾತ್ರ ದೂರುವುದೇಕೆ?

ಹಕ್ಕು ಸೈನ್ಯವನ್ನು ತಡೆಯುವುದಿಲ್ಲ, ನಿಜ. ಆದರೆ ಉಪಯೋಗವೇ ಆಧಾರವಾದಲ್ಲಿ ಷೆರಾಕೋವಿಯಾಕನ ತಾಯಿಗೆ ಆಡಲು ಮಾತೇ ಇಲ್ಲ. ಆಕೆ ದುರ್ಬಲಳಾಗಿದ್ದದ್ದು ಸತ್ಯ, ತಂಡ ಬರೆದದ್ದು ಸರಿಯಾದ ಲೆಕ್ಕ. ಹಕ್ಕು ಆಧಾರವಾದಲ್ಲಿ ಮಾತ್ರ ಆಕೆಯನ್ನು ಕರೆದೊಯ್ದದ್ದು ಅಪರಾಧ. 1947ರಲ್ಲಿ ಹಾನ್ಸ್ ಬೀಬೋವ್ ಇದೇ ವೂಚ್‌ನ ನ್ಯಾಯಾಲಯದಲ್ಲಿ ನಿಂತಾಗ ಅವನ ಮೇಲಿದ್ದ ಆರೋಪ ಕೆಲಸಗಾರರನ್ನು ಹಾಳುಮಾಡಿದ ಎಂಬುದಾಗಿರಲಿಲ್ಲ, ಮನುಷ್ಯರನ್ನು ಕೊಂದ ಎಂಬುದು. ತಪ್ಪಿತಸ್ಥನೆಂದು ತೀರ್ಪಾಗಿ ಅವನನ್ನು ಅದೇ ವರ್ಷ ಗಲ್ಲಿಗೇರಿಸಿದರು.

ಆ ಮಾತಿಗೆ ಬೇಕಾದ ಪುರಾವೆಯನ್ನು ಕೂಡಿಟ್ಟವರು ಯಾರು ಎಂಬುದನ್ನೂ ಹೇಳಬೇಕು. ಘೆಟ್ಟೊದೊಳಗೆ ರುಮ್ಕೋವ್ಸ್ಕಿಯ ಆಡಳಿತದ ದಾಖಲೆ ವಿಭಾಗ 1941ರ ಜನವರಿಯಿಂದ 1944ರ ಜುಲೈವರೆಗೆ ದಿನವಹಿ ಬರೆಯಿತು: ಹವಾಮಾನ, ಹುಟ್ಟು, ಸಾವು, ಆಲೂಗಡ್ಡೆಯ ಪಡಿ, ತಂತಿಯ ಬಳಿ ಗುಂಡೇಟಿಗೆ ಬಲಿಯಾದವರು. ಅಂಕಿಅಂಶ ವಿಭಾಗದ ಫೋಟೋಗ್ರಾಫರ್ ಹೆನ್ರಿಕ್ ರಾಸ್ ಅಧಿಕೃತವಾಗಿ ರೆಸೋರ್ಟ್‌ಗಳ ಚಿತ್ರ ತೆಗೆಯುತ್ತಲೇ, ಗುಟ್ಟಾಗಿ ಸಾವಿನ ಚಿತ್ರಗಳನ್ನೂ ತೆಗೆದ. ನೆಗೆಟಿವ್‌ಗಳನ್ನು 1944ರಲ್ಲಿ ಮಣ್ಣಿನಲ್ಲಿ ಹೂತು, 1945ರಲ್ಲಿ ಅಗೆದು ತೆಗೆದ. ಫಿಲಿಪ್ ಫ್ರೀಡ್‌ಮನ್‌ನ ನೇತೃತ್ವದ ಕೇಂದ್ರ ಯಹೂದಿ ಚರಿತ್ರೆ ಆಯೋಗ 1945ರಲ್ಲಿ ವೂಚ್‌ನಲ್ಲಿ ಕಚೇರಿ ಹಾಕಿತು. ಬದುಕಿ ಉಳಿದ ಸಾವಿರಾರು ಜನರ ಹೇಳಿಕೆಗಳನ್ನು ಬರೆಸಿಕೊಂಡಿತು, ಮಕ್ಕಳದ್ದನ್ನೂ ಸೇರಿಸಿ.